ಕತ್ತರಿಗಿಂತ ಮೊದಲು ಬಕೆಟ್ಟು

ಹೊಲಿದುಕೊಟ್ಟ ರವಿಕೆ ಮೊದಲ ಒಗೆತಕ್ಕೇ ಕಂಕುಳಲ್ಲಿ ಸುಕ್ಕುಗಟ್ಟುತ್ತದೆ. ನೈಟಿ ಒಂದು ಮಗ್ಗುಲಿಗೆ ತಿರುಚಿಕೊಳ್ಳುತ್ತದೆ. ಲಂಗ ಪಾದದಿಂದ ಮೇಲೇರುತ್ತದೆ. ಗಿರಾಕಿ ಬಂದು ‘ಹೊಲಿಗೆ ಸರಿಯಿಲ್ಲ’ ಎನ್ನುತ್ತಾರೆ. ಹೊಲಿಗೆ ಹೆಚ್ಚಿನ ಸಲ ಸರಿಯಾಗಿಯೇ ಇರುತ್ತದೆ. ಎಡವಟ್ಟಾಗಿರುವುದು ಬಟ್ಟೆ ಆಯ್ದುಕೊಳ್ಳುವಾಗ, ಆಯ್ದದ್ದನ್ನು ಒಮ್ಮೆಯೂ ನೀರಿಗೆ ಹಾಕದೆ ಕತ್ತರಿಸಿದಾಗ. ಕುಮಟಾ, ಅಂಕೋಲಾ, ಶಿರಸಿ ಕಡೆ ಮನೆಯ ಜಗುಲಿಯಲ್ಲೋ ಪೇಟೆಯ ಒಂದು ಖೋಲಿಯಲ್ಲೋ ಹೊಲಿಗೆ ಅಂಗಡಿ ಇಡುವವರು ಬಟ್ಟೆಯ ಲೆಕ್ಕವನ್ನು ಮೊದಲು ಕಲಿಯಬೇಕು.

ಮೊದಲ ಖರೀದಿ

ಹುಬ್ಬಳ್ಳಿಯ ಸಗಟು ಅಂಗಡಿಗೆ ಹೋದರೆ ಕಣ್ಣು ಹೋಗುವುದು ಪ್ರಿಂಟಿನ ಮೇಲೆ. ಸ್ವಲ್ಪ ತಡೆಯಿರಿ. ಪ್ರಿಂಟು ಹಳತಾಗುತ್ತದೆ, ಲೈನಿಂಗ್ ಬಟ್ಟೆ ಹಳತಾಗುವುದಿಲ್ಲ. ಕೈಯಲ್ಲಿರುವ ದುಡ್ಡಿನ ಅರ್ಧ ರುಬಿಯಾಕ್ಕೆ, ಅಂದರೆ ರವಿಕೆಯ ಲೈನಿಂಗಿಗೆ ಹಾಕುವ ತೆಳು ಹತ್ತಿ ಬಟ್ಟೆಗೆ, ಇಡಿ. ಬಿಳಿ, ಕಪ್ಪು, ಕೆನೆ, ಕುಂಕುಮ, ಮರೂನ್, ಬಾಟಲ್ ಗ್ರೀನ್, ನೇವಿ ನೀಲಿ, ಅರಿಶಿನ, ಇಷ್ಟು ಬಣ್ಣ ಯಾವತ್ತೂ ಮುಗಿಯಬಾರದು. ಉಳಿದ ದುಡ್ಡಿನಲ್ಲಿ ಲಂಗಕ್ಕೆ ಪಾಪ್ಲಿನ್, ನೈಟಿಗೆ ಕ್ಯಾಂಬ್ರಿಕ್. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬೆ ಜಾತ್ರೆ ಮುಂದಿದ್ದರೆ ರವಿಕೆಗೆ ನಾಲ್ಕಾರು ಗುಳೇದಗುಡ್ಡದ ಖಣವನ್ನೂ ತನ್ನಿ.

ರುಬಿಯಾದಲ್ಲಿ ‘ಟೂ ಬೈ ಟೂ’ ಎಂದರೆ ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡದ ಎಳೆ) ಎರಡರಲ್ಲೂ ಎರಡೆಳೆ ಹೊಸೆದ ನೂಲು. ಅದೇ ಹೆಸರು ಹೇಳಿ ಪಾಲಿಯೆಸ್ಟರ್ ಬೆರೆತದ್ದನ್ನು ಕೊಡುವವರೂ ಇದ್ದಾರೆ. ನಾಲ್ಕೆಳೆ ಬಿಚ್ಚಿ ಚಿಮಟದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಕಡ್ಡಿ ಗೀರಿ. ಶುದ್ಧ ಹತ್ತಿ ಕಾಗದದ ವಾಸನೆ ಬೀರಿ ಉರಿದು, ಬೆರಳಲ್ಲಿ ಪುಡಿಯಾಗುವ ಬೂದಿ ಬಿಡುತ್ತದೆ. ಬೆರಕೆಯಿದ್ದರೆ ತುದಿಯಲ್ಲಿ ಗಟ್ಟಿ ಗಂಟು ಉಳಿಯುತ್ತದೆ. ರೇಯಾನ್ ಕೂಡ ಹತ್ತಿಯಂತೆಯೇ ಉರಿಯುವುದರಿಂದ ಅದನ್ನು ಬೆಂಕಿಯಿಂದ ಹಿಡಿಯಲಾಗದು. ಒಂದೆಳೆಯನ್ನು ಒದ್ದೆ ಮಾಡಿ ಎಳೆಯಿರಿ, ಒಣಗಿದ್ದಾಗಿನದಕ್ಕಿಂತ ಬೇಗ ತುಂಡಾದರೆ ಅದು ರೇಯಾನ್.

ರೇಯಾನ್ ನೈಟಿ ಕರಾವಳಿಗೆ ಬೇಡವೇ ಬೇಡ. ಅಂಗಡಿಯಲ್ಲಿ ನುಣುಪಾಗಿ ಜಾರುತ್ತದೆ, ನಿಜ. ಒದ್ದೆಯಾದರೆ ಭಾರ, ಆಷಾಢದಲ್ಲಿ ಎರಡು ದಿನವಾದರೂ ಒಣಗದು, ಮೇಲಾಗಿ ಹತ್ತಿಗಿಂತ ಹೆಚ್ಚು ಕುಗ್ಗುತ್ತದೆ. ಲಂಗಕ್ಕೆ ಸ್ಯಾಟಿನ್ ಕೂಡ ಬೇಡ, ಸೀರೆಯ ನೆರಿಗೆ ಅದರ ಮೇಲೆ ನಿಲ್ಲುವುದಿಲ್ಲ.

ಗಂಜಿ ತುಂಬಿದ ಬಟ್ಟೆಯನ್ನು ಕೈಯಿಂದಲೇ ಹಿಡಿಯಬಹುದು. ಒಂದು ಮೂಲೆಯನ್ನು ಎರಡು ಅಂಗೈ ನಡುವೆ ಬಟ್ಟೆ ಒಗೆಯುವಂತೆ ಇಪ್ಪತ್ತು ಸಲ ಉಜ್ಜಿ ಬೆಳಕಿಗೆ ಹಿಡಿಯಿರಿ. ಬಿಳಿ ಪುಡಿ ಉದುರಿ, ಉಜ್ಜಿದ ಜಾಗ ಸೊಳ್ಳೆಪರದೆಯ ಹಾಗೆ ಕಂಡರೆ ನೀವು ದುಡ್ಡು ಕೊಡುತ್ತಿರುವುದು ಗಂಜಿಗೆ.

ಬಿಲ್ಲು ಮಾಡಿಸುವಾಗ ಅಳತೆ ವಾರವೋ (ಗಜ) ಮೀಟರೋ ಕೇಳಿ. ಹತ್ತು ವಾರ ಎಂದರೆ 9.14 ಮೀಟರು. ಹತ್ತು ಮೀಟರಿಗೆ ದುಡ್ಡು ಕೊಟ್ಟು ಹತ್ತು ವಾರ ತಂದರೆ 86 ಸೆಂಟಿಮೀಟರು ಹೋಯಿತು, ಅಂದರೆ ಒಂದು ರವಿಕೆಯ ಬಟ್ಟೆ. ಪನ್ನವನ್ನೂ, ಅಂದರೆ ಬಟ್ಟೆಯ ಅಗಲವನ್ನೂ, ಟೇಪು ಹಿಡಿದು ಅಳೆಯಿರಿ. 44 ಇಂಚು ಎಂದದ್ದು ಕೆಲವು ಸಲ 42 ಇರುತ್ತದೆ. ಬಣ್ಣ ಕೂಡಿಸುವುದನ್ನು ಟ್ಯೂಬ್‌ಲೈಟಿನ ಕೆಳಗೆ ಮಾಡಬೇಡಿ, ಸೀರೆಯ ಅಂಚು ಹಿಡಿದು ಅಂಗಡಿಯ ಬಾಗಿಲಿಗೆ ಬನ್ನಿ.

ಕುಗ್ಗುವ ಲೆಕ್ಕ

ಎಲ್ಲಕ್ಕಿಂತ ಹೆಚ್ಚು ಜನ ಸೋಲುವುದು ಇಲ್ಲಿ. ಥಾನಿನ (ಅಂಗಡಿಯಿಂದ ತಂದ ಇಡೀ ಬಟ್ಟೆಯ ಸುರುಳಿ) ತುದಿಯಿಂದ 30 ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿ. ಅದರೊಳಗೆ 25 ಸೆಂಟಿಮೀಟರಿನ ಚೌಕ ಗುರುತಿಸಿ. ಚಾಕ್ ಗುರುತು ನೀರಿಗೆ ಹೋಗುತ್ತದೆ, ಆದ್ದರಿಂದ ಬಣ್ಣ ಬಿಡದ ಪಾಲಿಯೆಸ್ಟರ್ ದಾರದಲ್ಲಿ ನಾಲ್ಕು ಮೂಲೆಗೂ ಒಂದೊಂದು ಟಾಕು ಹಾಕಿ. ಅಂಚಿಗೆ ಸಮನಾಗಿ ಓಡುವ ಎಳೆ ಹಾಸು, ಆ ದಿಕ್ಕಿಗೊಂದು ಗುರುತಿರಲಿ. ಹೆಚ್ಚಿನ ಬಟ್ಟೆ ಹಾಸಿನುದ್ದಕ್ಕೆ ಜಾಸ್ತಿ ಕುಗ್ಗುತ್ತದೆ. ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಹಿಂಡಬೇಡಿ, ನೆರಳಲ್ಲಿ ಒಣಗಿಸಿ. ಸ್ವಲ್ಪ ತೇವ ಇರುವಾಗಲೇ ಇಸ್ತ್ರಿಯನ್ನು ಎಳೆಯದೆ, ಎತ್ತಿ ಎತ್ತಿ ಒತ್ತಿ. ಎಳೆದರೆ ಬಟ್ಟೆ ಹಿಗ್ಗಿ ಲೆಕ್ಕ ಸುಳ್ಳಾಗುತ್ತದೆ. ಇಷ್ಟನ್ನೂ ಇನ್ನೊಂದು ಸಲ ಮಾಡಿ, ಏಕೆಂದರೆ ಎರಡನೆಯ ಒಗೆತಕ್ಕೂ ಹತ್ತಿ ಸ್ವಲ್ಪ ಕುಗ್ಗುತ್ತದೆ.

ಈಗ ಟಾಕಿನಿಂದ ಟಾಕಿಗೆ ಅಳೆಯಿರಿ. ಪ್ರತಿ ಎರಡೂವರೆ ಮಿಲಿಮೀಟರಿಗೆ ಶೇ 1. ಇಪ್ಪತ್ತೈದು ಇದ್ದದ್ದು ಇಪ್ಪತ್ತನಾಲ್ಕಾದರೆ ಶೇ 4. ಚೌಕದಲ್ಲಿ ಇದು ಕಣ್ಣಿಗೇ ಕಾಣದು. ಅದೇ 40 ಇಂಚಿನ ಲಂಗದಲ್ಲಿ ಒಂದೂವರೆ ಇಂಚಿಗಿಂತ ಹೆಚ್ಚು.

ರವಿಕೆಯಲ್ಲಿ ಇದು ಇನ್ನೂ ಕಠಿಣ. ಮೇಲಿನ ರೇಷ್ಮೆಯನ್ನೋ ಖಣವನ್ನೋ ನೆನೆಹಾಕುವಂತಿಲ್ಲ, ಒಳಗಿನ ಲೈನಿಂಗ್ ಹತ್ತಿಯದು. ಹೊಲಿದ ಮೇಲೆ 14 ಇಂಚಿನ ಉದ್ದದಲ್ಲಿ ಒಳಗಿನದು ಅರ್ಧ ಇಂಚು ಕುಗ್ಗಿದರೆ ಮೇಲಿನ ಬಟ್ಟೆ ಎಲ್ಲಿಗೆ ಹೋಗಬೇಕು? ಕಂಕುಳಲ್ಲಿ, ಟಕ್ಸಿನ (ಮೈಗೆ ಕೂರಲು ಹಿಡಿದ ಮಡಿಕೆ) ತುದಿಯಲ್ಲಿ ಉಬ್ಬಿ ನಿಲ್ಲುತ್ತದೆ. ಹೊಲಿಗೆಯ ಆಚೆ ಬಿಟ್ಟ ಮಾರ್ಜಿನ್ ಬಿಚ್ಚಿದರೂ ಆ ಸುಕ್ಕು ಹೋಗುವುದಿಲ್ಲ. ಆದ್ದರಿಂದ ಲೈನಿಂಗನ್ನು ಮೊದಲೇ ಎರಡು ಸಲ ನೆನೆಸಿ ಒಣಗಿಸಿ. ಕೊಳವೆಯಂತೆ ಸುತ್ತಿ ಮುಳುಗಿಸಿದರೆ ನಡುವಿನ ಸುತ್ತಿಗೆ ನೀರು ತಾಗುವುದಿಲ್ಲ, ಸಡಿಲವಾಗಿ ಮಡಚಿ ಹಾಕಿ. ಒಣಹಾಕುವಾಗ ಒಂದು ತುದಿ ಹಿಡಿದು ನೇತುಹಾಕಬೇಡಿ, ಒದ್ದೆ ಭಾರಕ್ಕೆ ಹಾಸು ಜಗ್ಗುತ್ತದೆ. ಹಗ್ಗದ ಮೇಲೆ ಎರಡೂ ಕಡೆ ಸಮ ಇಳಿಬಿಡಿ. ‘ಸ್ಟೀಮ್ ಇಸ್ತ್ರಿ ಕೊಟ್ಟರೆ ಸಾಕು’ ಎಂಬ ಸುಲಭದ ದಾರಿ ಲೈನಿಂಗಿಗೆ ಸಾಲದು.

ನೆನೆಸುವ ಕೆಲಸ ಏಪ್ರಿಲ್, ಮೇ ಬಿಸಿಲಲ್ಲೇ ಮುಗಿಯಲಿ. ಜೂನ್ ಹಿಡಿದರೆ ಒಣಗುವುದಿಲ್ಲ, ಅರೆ ಒಣಗಿದ್ದನ್ನು ಮಡಚಿಟ್ಟರೆ ಬೂಷ್ಟು. ಬೂಷ್ಟಿಗೆ ಗಂಜಿಯೇ ಊಟ, ನೆನೆಸಿದಾಗ ಅದರ ಹೆಚ್ಚಿನ ಪಾಲು ಹೋಗುವುದರಿಂದ ಅದೂ ಒಂದು ಲಾಭ. ಮೀಟರ್ ಲೆಕ್ಕದಲ್ಲಿ ಮಾರುವುದನ್ನು ಮಾತ್ರ ಗರಿಗರಿಯಾಗಿಯೇ ಬಿಡಿ.

ಬಣ್ಣದ ಪರೀಕ್ಷೆ ಅದೇ ಬಕೆಟ್ಟಿನಲ್ಲಿ: ಒದ್ದೆ ತುಂಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಒಂದು ತಾಸು ಇಡಿ. ಉಪ್ಪುನೀರಿಗೆ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ನಂಬಬೇಡಿ. ಬಣ್ಣ ಬಿಡುವ ಮರೂನನ್ನು ಬಿಳಿ ಪೈಪಿಂಗಿನೊಂದಿಗೆ ಕೂಡಿಸದಿರುವುದೇ ಮದ್ದು.

ಎಳೆ ನೇರ ಇದೆಯೇ

ರುಬಿಯಾ, ಪಾಪ್ಲಿನ್‌ನ ಅಂಚಿಗೆ ಕತ್ತರಿಯಿಂದ ಸಣ್ಣ ಗೀರು ಹಾಕಿ ಅಡ್ಡಕ್ಕೆ ಹರಿಯಿರಿ, ಹೊಕ್ಕಿನ ಎಳೆಯ ಗುಂಟ ಹರಿಯುತ್ತದೆ. ಖಣವನ್ನು ಹರಿಯಬೇಡಿ, ಒಂದೆಳೆ ಎಳೆದು ಆ ಗೆರೆಯಲ್ಲಿ ಕತ್ತರಿಸಿ. ಹರಿದ ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ. ತುದಿಗಳು ಒಂದಕ್ಕೊಂದು ಕೂಡದಿದ್ದರೆ ಎಳೆ ಓರೆಯಾಗಿದೆ. ಹತ್ತಿಯಾದರೆ ಒದ್ದೆ ಇರುವಾಗ ಇಬ್ಬರು ಎದುರು ಬದುರು ಮೂಲೆ ಹಿಡಿದು ಎಳೆದರೆ ಬಹುಪಾಲು ಸರಿಯಾಗುತ್ತದೆ. ಪಾಲಿಯೆಸ್ಟರ್ ಬೆರಕೆ ತಯಾರಿಯ ಕಾವಿನಲ್ಲಿ ಓರೆಯಾಗಿಯೇ ಕೂತುಬಿಟ್ಟಿರುತ್ತದೆ, ಎಳೆದು ಫಲವಿಲ್ಲ. ಒಂದು ಇಂಚಿಗಿಂತ ಹೆಚ್ಚು ಓರೆಯಿದ್ದರೆ ಅದರಲ್ಲಿ ನೈಟಿ ಬೇಡ, ತಿರುಚಿಕೊಳ್ಳುವುದು ಅಂಥದ್ದೇ.

ಎಷ್ಟು ಬೇಕು

ನಾಲ್ಕು ಪಟ್ಟಿಯ ಲಂಗ, ಉದ್ದ 38 ಇಂಚು: ಮಡಿಕೆಗೆ ಎರಡು ಸೇರಿಸಿ 40, ಪನ್ನದಲ್ಲಿ ಎರಡೆರಡು ಪಟ್ಟಿ ಬರುವುದರಿಂದ ಎರಡು ಉದ್ದಕ್ಕೆ 80, ಕುಗ್ಗುವುದಕ್ಕೆ ಶೇ 5. ಎರಡೂಕಾಲು ಮೀಟರ್ ಇದ್ದರೆ ನಿರಾಳ.

ಕಲಿಯುವವರಿಗೆ ಮೊದಲ ಕೆಲಸ ದಿಂಬಿನ ಕವರು. 17×27 ಇಂಚಿನ ದಿಂಬಿಗೆ ಒಂದೇ ಪಟ್ಟಿ ಸಾಕು. ಉದ್ದ 27ರ ಎರಡು ಪಟ್ಟು, ಒಳಮಡಿಕೆಗೆ 6, ತುದಿಗಳಿಗೆ 2, ಒಟ್ಟು 62 ಇಂಚು. ಅಗಲ ಹದಿನೆಂಟೂವರೆ. 44 ಇಂಚು ಪನ್ನದ ಒಂದು ಮುಕ್ಕಾಲು ಮೀಟರಿನಲ್ಲಿ ಜೋಡಿ ಕವರು ಆಗುತ್ತದೆ. 36 ಇಂಚಿನದರಲ್ಲಿ ಅಷ್ಟೇ ಉದ್ದಕ್ಕೆ ಒಂದೇ ಕವರು, ಉಳಿದ ಪಟ್ಟಿ ಚಿಂದಿ. ಮೀಟರಿಗೆ ಕಡಿಮೆ ಬೆಲೆ ಎಂದು ಸಣ್ಣ ಪನ್ನ ಕೊಂಡವರು ಇಲ್ಲಿ ಸೋಲುತ್ತಾರೆ.

ರುಬಿಯಾಕ್ಕೆ 11ರ ಸೂಜಿ, ಪಾಪ್ಲಿನ್‌ಗೆ 14, ಕೈಚೀಲದ ಕ್ಯಾನ್ವಾಸಿಗೆ 16.

ಇಡುವುದು

ಕಪಾಟನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟಿಡಿ. ಕಬ್ಬಿಣದ ರ‍್ಯಾಕಾದರೆ ದಪ್ಪ ಕಾಗದ ಹಾಸಿ, ಕಾರವಾರದ ಉಪ್ಪುಗಾಳಿಗೆ ತುಕ್ಕು ಬಂದು ಬಟ್ಟೆಗೆ ಕಲೆ ಹಿಡಿದರೆ ಒಗೆದರೂ ಹೋಗದು. ರವಿಕೆಯ ಹುಕ್ಕೂ ಹಿತ್ತಾಳೆಯದೇ ಇರಲಿ. ಥಾನನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿ, ಹಳೆಯ ಪಂಚೆಯಲ್ಲಿ ಸುತ್ತಿ.

ಪರೀಕ್ಷೆಯ ಚೌಕವನ್ನು ಬಿಸಾಡದೆ ಒಂದು ನೋಟ್‌ಪುಸ್ತಕಕ್ಕೆ ಪಿನ್ನು ಹಾಕಿ, ಪಕ್ಕದಲ್ಲಿ ತಂದ ತಾರೀಕು, ದರ, ಪನ್ನ, ಉದ್ದಕ್ಕೆಷ್ಟು ಅಗಲಕ್ಕೆಷ್ಟು ಕುಗ್ಗಿತು ಎಂದು ಬರೆದಿಡಿ. ಅದೇ ಹೆಸರಿನ, ಅದೇ ಬಣ್ಣದ ಇನ್ನೊಂದು ಥಾನು ಬಂದಾಗ ಹಳೆಯ ಪುಟ ನೋಡಿ ಸುಮ್ಮನಾಗದೆ ಹೊಸ ಚೌಕ ಕತ್ತರಿಸಿ ಬಕೆಟ್ಟಿಗೆ ಹಾಕಿ.