ಕ್ರೆಡಿಟ್ ಕಾರ್ಡಿಗೆ ಚಿಲಕ ಹಾಕುವುದು ಹೇಗೆ?

ಒಟಿಪಿ ಹೇಳದಿದ್ದರೆ ದುಡ್ಡು ಹೋಗುವುದಿಲ್ಲ ಎಂದು ನಂಬಿ ನಿಶ್ಚಿಂತೆಯಿಂದ ಇರುವವರು ಬಹಳ ಮಂದಿ. ಅದು ಅರ್ಧ ನಿಜ. ನಮ್ಮ ದೇಶದ ಜಾಲತಾಣಗಳಲ್ಲಿ ಕಾರ್ಡ್ ಬಳಸುವಾಗ ಒಟಿಪಿಯಂಥ ಎರಡನೇ ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದಲೇ ಕಡ್ಡಾಯ ಮಾಡಿತು. ಫೋನಿನಲ್ಲಿ ಯಂತ್ರದ ದನಿ ಕೇಳಿ ಗುಂಡಿ ಒತ್ತಿ ಮಾಡುವ ಐವಿಆರ್ ಪಾವತಿಗೆ ಅದು 2011ರಲ್ಲಿ ಬಂತು. ಆದರೆ ಎಷ್ಟೋ ವಿದೇಶಿ ತಾಣಗಳು ಒಟಿಪಿ ಕೇಳುವುದೇ ಇಲ್ಲ. ಕಾರ್ಡ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ಕಾರ್ಡಿನ ಮೇಲೆ ಅಚ್ಚಾದ ಗುಟ್ಟಿನ ಸಂಖ್ಯೆ ಸಿವಿವಿ ಇದ್ದರೆ ಸಾಕು. ರೂಮ್ ಕಾದಿರಿಸಲೆಂದು ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೋ ಕಳಿಸಿದ ಕಾರ್ಡಿನ ಫೋಟೊದಲ್ಲಿ ಈ ಮೂರೂ ಇರುತ್ತವೆ.

ಹಾಗಾಗಿ ಮೊದಲ ಕೆಲಸ ಖರೀದಿಗೆ ಕೂರುವುದಕ್ಕೂ ಮುಂಚಿನದು.

1. ಸ್ವಿಚ್ ಆಫ್ ಮಾಡಿ

ಬ್ಯಾಂಕಿನ ಆ್ಯಪ್ ತೆರೆದು ಕಾರ್ಡ್ ಕಂಟ್ರೋಲ್ ಅಥವಾ ಅಂಥದ್ದೇ ಹೆಸರಿನ ಪುಟಕ್ಕೆ ಹೋಗಿ. ಅಲ್ಲಿ ಆನ್‌ಲೈನ್ ಬಳಕೆ, ವಿದೇಶಿ ಬಳಕೆ, ಟ್ಯಾಪ್ ಪಾವತಿ ಇವಕ್ಕೆ ಬೇರೆ ಬೇರೆ ಸ್ವಿಚ್‌ಗಳಿವೆ. ಇದು ಬ್ಯಾಂಕಿನ ಔದಾರ್ಯವಲ್ಲ. 2020ರ ಜನವರಿಯ ರಿಸರ್ವ್ ಬ್ಯಾಂಕ್ ಸುತ್ತೋಲೆಯಿಂದ ಬಂದ ಹಕ್ಕು. ಹೊಸ ಕಾರ್ಡ್ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರಕ್ಕೆ ಮಾತ್ರ ತೆರೆದಿರಬೇಕು, ಉಳಿದದ್ದನ್ನು ಗ್ರಾಹಕರೇ ತೆರೆದುಕೊಳ್ಳಬೇಕು ಎನ್ನುತ್ತದೆ ಅದು.

ತೊಂದರೆಯೆಂದರೆ, ತೆರೆದದ್ದನ್ನು ಮುಚ್ಚಲು ಮರೆಯುತ್ತೇವೆ. ಮಗಳ ಟೋಫೆಲ್ ಪರೀಕ್ಷೆಯ ಶುಲ್ಕ ಕಟ್ಟಲು ವಿದೇಶಿ ಸ್ವಿಚ್ ಆನ್ ಮಾಡಿದವರು ವರ್ಷಗಟ್ಟಲೆ ಹಾಗೇ ಬಿಟ್ಟಿರುತ್ತಾರೆ. ಇವತ್ತೇ ನೋಡಿ, ಅಗತ್ಯವಿಲ್ಲದಿದ್ದರೆ ಆಫ್ ಮಾಡಿ. ಪಕ್ಕದಲ್ಲೇ ಮಿತಿಯೂ ಇರುತ್ತದೆ. ಎರಡು ಲಕ್ಷದ ಕಾರ್ಡಾದರೂ ಆನ್‌ಲೈನ್ ಮಿತಿಯನ್ನು 10,000 ರೂಪಾಯಿಗೆ ಇಳಿಸಿಡಿ. ಫ್ರಿಜ್ ಕೊಳ್ಳುವ ದಿನ ಏರಿಸಿ, ಕೊಂಡಾದ ಮೇಲೆ ಮತ್ತೆ ಇಳಿಸಿ. ನನ್ನ ಪ್ರಕಾರ ಈ ಇಡೀ ಲೇಖನದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನೇ ಮಾಡಬೇಕು.

2. ಕೊಳ್ಳುವಾಗ

ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿ ಅಂಗಡಿಗೆ ಹೋಗಬೇಡಿ, ವಿಳಾಸವನ್ನು ನೀವೇ ಟೈಪ್ ಮಾಡಿ. ‘ಕಾರ್ಡ್ ಉಳಿಸಲೇ?’ ಎಂಬ ಪ್ರಶ್ನೆಗೆ ಮೊದಲಿನಷ್ಟು ಹೆದರಬೇಕಿಲ್ಲ. 2022ರ ಅಕ್ಟೋಬರ್ 1ರಿಂದ ಇಲ್ಲಿನ ವ್ಯಾಪಾರಿಗಳು ನಿಮ್ಮ ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಆ ಅಂಗಡಿಗೆಂದೇ ಕೊಟ್ಟ ಬದಲಿ ಸಂಖ್ಯೆ, ಅಂದರೆ ಟೋಕನ್, ಇರುತ್ತದೆ. ಒಂದು ಅಂಗಡಿಯಿಂದ ಕದ್ದ ಟೋಕನ್ ಇನ್ನೊಂದು ಅಂಗಡಿಯಲ್ಲಿ ನಡೆಯದು.

3. ಒಟಿಪಿ ಸಂದೇಶವನ್ನು ಪೂರ್ತಿ ಓದಿ

ನಮ್ಮ ಕಣ್ಣು ನೇರ ಆರು ಅಂಕಿಗೆ ಹೋಗುತ್ತದೆ. ಅದರ ಪಕ್ಕದಲ್ಲಿ ಮೊತ್ತವೂ ಅಂಗಡಿಯ ಹೆಸರೂ ಇರುತ್ತವೆ. 499 ರೂಪಾಯಿಯ ಸೀರೆ ಕವರ್ ಕೊಳ್ಳುತ್ತಿದ್ದೀರಿ, ಸಂದೇಶದಲ್ಲಿ 49,900 ಎಂದಿದೆ ಎನ್ನೋಣ. ಅಲ್ಲಿಗೇ ನಿಲ್ಲಿಸಿ. ಒಟಿಪಿ ಹಾಕಿದರೆ ಸಹಿ ಹಾಕಿದ ಹಾಗೆ. ದುಡ್ಡು ಹೋಗುವುದಕ್ಕೆ ಅದು ಬೇಕು, ಬರುವುದಕ್ಕೆ ಬೇಡ. ರೀಫಂಡ್ ಕೊಡುತ್ತೇವೆ, ಒಟಿಪಿ ಹೇಳಿ ಎಂದವನು ಕಳ್ಳನೇ.

4. ಫೋನ್ ಬಂದರೆ

‘ನಿಮ್ಮ ಕಾರ್ಡಿನ ಮೊದಲ ಆರು ಅಂಕಿ ಇವು ತಾನೇ, ಸರ್?’ ಎಂದು ಅವರೇ ಓದಿ ಹೇಳುತ್ತಾರೆ. ಹೌದಲ್ಲ, ಇವರು ಬ್ಯಾಂಕಿನವರೇ ಎಂದು ಮನಸ್ಸು ಕರಗುತ್ತದೆ. ಆ ಅಂಕಿಗಳು ಬ್ಯಾಂಕ್ ಮತ್ತು ಕಾರ್ಡಿನ ಬಗೆಯನ್ನು ಸೂಚಿಸುವಂಥವು. ಅದೇ ಬ್ಯಾಂಕಿನ ಅದೇ ಬಗೆಯ ಕಾರ್ಡ್ ಇರುವ ಸಾವಿರಾರು ಜನಕ್ಕೆ ಅವು ಒಂದೇ. ಅದನ್ನು ಬಲ್ಲವರು ನಿಮ್ಮನ್ನು ಬಲ್ಲರು ಎಂದೇನೂ ಅಲ್ಲ.

ಕರೆ ಕತ್ತರಿಸಿ, ಕಾರ್ಡಿನ ಹಿಂಬದಿಯ ನಂಬರಿಗೆ ನೀವೇ ಫೋನ್ ಮಾಡಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ, ಅಲ್ಲಿ ಮೋಸಗಾರರು ತಮ್ಮ ನಂಬರನ್ನೂ ಬಿತ್ತಿರುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಕಡತ) ಹಾಕಿಕೊಳ್ಳಬೇಡಿ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಎಂದರೂ ಒಪ್ಪಬೇಡಿ. ಅಂಥವು ಒಳಹೊಕ್ಕರೆ ಒಟಿಪಿಯನ್ನು ನೀವು ಹೇಳಬೇಕಾಗಿಯೇ ಇಲ್ಲ. ನೀವೇ ಫೋನಿನಲ್ಲಿ ಆರ್ಡರ್ ಕೊಡುವಾಗ ಕಾರ್ಡ್ ಸಂಖ್ಯೆ ಕೇಳಿದರೆ, ವಸ್ತು ಮನೆಗೆ ಬಂದಾಗ ಪಾವತಿಸುತ್ತೇನೆ ಎನ್ನಿ.

5. ದುಡ್ಡು ಹೋಗಿಬಿಟ್ಟರೆ

ಮೊದಲು ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಬರೆದುಕೊಳ್ಳಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೋಸಹೋದೆನೆಂಬ ನಾಚಿಕೆಯಿಂದ ಮಕ್ಕಳಿಗೂ ಹೇಳದೆ ರಾತ್ರಿಯಿಡೀ ನುಂಗಿಕೊಂಡು ಕೂರುವ ಹಿರಿಯರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಒಂದು ರಾತ್ರಿಯಲ್ಲಿ ಹಣ ಹತ್ತು ಖಾತೆ ದಾಟಿರುತ್ತದೆ.

2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಇಲ್ಲಿ ನೆರವಿಗೆ ಬರುತ್ತದೆ. ತಪ್ಪು ನಿಮ್ಮದಲ್ಲದೆ ಬೇರೆಲ್ಲೋ ಮಾಹಿತಿ ಸೋರಿದ್ದರೆ, ಬ್ಯಾಂಕಿನ ಸಂದೇಶ ಬಂದು ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಹೊಣೆಯೇ ಇಲ್ಲ. ಒಟಿಪಿಯನ್ನು ನೀವೇ ಹೇಳಿಬಿಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ನಿಮ್ಮದು. ದೂರು ಕೊಟ್ಟ ಮೇಲಿನದು ಬ್ಯಾಂಕಿನದು. ಬ್ಯಾಂಕ್ 30 ದಿನವಾದರೂ ಉತ್ತರಿಸದಿದ್ದರೆ ಆ ದೂರಿನ ಸಂಖ್ಯೆ ಹಿಡಿದು ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.