ಬೆರ್ರಿ ಬೀಜದ ಎಣ್ಣೆ: ಯಂತ್ರಕ್ಕೆ ಕೈ ಹಾಕುವ ಮೊದಲು ಬೀಜದ ಹದ ನೋಡಿ

ರಾಸ್ಪ್‌ಬೆರ್ರಿ ಬೀಜದ ಎಣ್ಣೆ ತೆಗೆಯಲು ಕೂತ ಮೊದಲ ದಿನ ತಿರುಗುವ ಸ್ಕ್ರೂನಿಂದ ಬೀಜವನ್ನು ಒತ್ತಿ ಎಣ್ಣೆ ಹಿಂಡುವ ನನ್ನ ಸಣ್ಣ ಸ್ಕ್ರೂ ಪ್ರೆಸ್‌ನಿಂದ ಇಳಿದದ್ದು ಎಣ್ಣೆಯಲ್ಲ, ಬೂದು ಬಣ್ಣದ ನೊರೆ. ಗಟ್ಟಿ ಕಡ್ಡಿಯಾಗಿ ಬರಬೇಕಾದ ಹಿಂಡಿ ಕಲಸಿದ ಹಿಟ್ಟಿನ ಹಾಗೆ ಜಾರುತ್ತಿತ್ತು. ಯಂತ್ರವೇ ಕೆಟ್ಟಿದೆ ಎಂದುಕೊಂಡು ಎರಡು ದಿನ ಬಿಚ್ಚಿ ಜೋಡಿಸಿದೆ. ಕೆಟ್ಟದ್ದು ಯಂತ್ರವಲ್ಲ, ಬೀಜ ಸರಿಯಾಗಿ ಒಣಗಿರಲಿಲ್ಲ. ಅಂದಿನಿಂದ ನನ್ನ ಗಮನವೆಲ್ಲ ಬೀಜದ ಹದದ ಮೇಲೆ.

ರಸ ಹಿಂಡಿದ ಮೇಲೆ ಉಳಿಯುವ ಹಿಪ್ಪೆಯನ್ನು ಅದೇ ದಿನ ತೊಳೆಯಿರಿ. ರಾತ್ರಿ ಬಿಟ್ಟರೆ ಹುಳಿ ಬರುತ್ತದೆ, ಆ ವಾಸನೆ ಎಣ್ಣೆಗೂ ಇಳಿಯುತ್ತದೆ. ಬೀಜ ಕೆಳಗಿಳಿಯದಷ್ಟು ಸಣ್ಣ ಕಣ್ಣಿನ ಜರಡಿಯಲ್ಲಿ ಹಾಕಿ, ನೀರು ಬಿಡುತ್ತಾ ಕೈಯಿಂದ ತಿಕ್ಕಿ. ಬೀಜದ ಮೇಲೆ ಅಂಟು ಉಳಿಯಬಾರದು. ಉಳಿದ ಸಕ್ಕರೆ ಪ್ರೆಸ್‌ನ ಬಿಸಿಗೆ ಕಪ್ಪಾಗಿ ಒಳಗೆಲ್ಲ ಮೆತ್ತಿಕೊಳ್ಳುತ್ತದೆ.

ತೆಳ್ಳಗೆ ಹರಡಿ, 40 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತಲ ಬೆಚ್ಚನೆ ಗಾಳಿಯಲ್ಲಿ ಒಣಗಿಸಿ. ನಾನು ಬಿಸಿಲಿಗೆ ಹಾಕುವುದಿಲ್ಲ. ಈ ಎಣ್ಣೆಯಲ್ಲಿ ಲಿನೋಲಿಕ್ ಮತ್ತು ಆಲ್ಫಾ-ಲಿನೋಲೆನಿಕ್ ಎಂಬ, ಸುಲಭವಾಗಿ ಕೆಡುವ ಕೊಬ್ಬಿನಾಮ್ಲಗಳದ್ದೇ ದೊಡ್ಡ ಪಾಲು. ಬೆಳಕು, ಬಿಸಿ, ಗಾಳಿ ಮೂರೂ ಸೇರಿದರೆ ಬೇಗ ಕಮಟು ಹಿಡಿಯುತ್ತದೆ.

ಈಗ ಹದ, ಅಂದರೆ ಬೀಜದಲ್ಲಿ ಉಳಿದ ತೇವ. ಕೈಗೆ ಗರಗರ ಅನ್ನಿಸಿದರೆ ಒಣಗಿದೆ ಎಂದು ನಂಬಬೇಡಿ. ನಾನು ಮೋಸಹೋದದ್ದು ಅಲ್ಲೇ. ಹತ್ತು ಗ್ರಾಂ ಬೀಜ ತೂಗಿ, ಜಜ್ಜಿ, 105 ಡಿಗ್ರಿಯ ಓವನ್‌ನಲ್ಲಿಡಿ. ಆಗಾಗ ತೆಗೆದು ತೂಗಿ. ತೂಕ ಇಳಿಯುವುದು ನಿಂತಾಗ 9.3 ಗ್ರಾಂ ಉಳಿದಿದ್ದರೆ ತೇವಾಂಶ ಶೇ. 7. ನನ್ನ ಪ್ರೆಸ್‌ಗೆ ಶೇ. 6ರಿಂದ 8ರ ನಡುವೆ ಚೆನ್ನಾಗಿ ಒಪ್ಪುತ್ತದೆ. ಮೊದಲ ದಿನದ ಬೀಜವನ್ನು ಹೀಗೆ ಅಳೆದಾಗ ಶೇ. 12 ಇತ್ತು! ಹೆಚ್ಚಾದರೆ ನೊರೆ, ಜಾರುವ ಹಿಂಡಿ. ತೀರಾ ಕಡಿಮೆಯಾದರೆ ಯಂತ್ರ ಕಾದು ಬಿಗಿದುಕೊಳ್ಳುತ್ತದೆ, ಎಣ್ಣೆ ಕಪ್ಪಗಾಗುತ್ತದೆ. ಅತಿಯಾಗಿ ಒಣಗಿದ್ದರೆ ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು ಮತ್ತೆ ಅಳೆಯಿರಿ.

ಪ್ರೆಸ್‌ನ ಹಿಂಡಿ ಹೊರಬರುವ ಬಾಯಿಯನ್ನು ಬೆಚ್ಚಗೆ ಮಾಡಿಕೊಂಡೇ ಬೀಜ ಸುರಿಯಿರಿ, ನಿಧಾನವಾಗಿ ತಿರುಗಲಿ. ಎಣ್ಣೆ ಬೀಳುವ ಜಾಗದಲ್ಲಿ ಥರ್ಮಾಮೀಟರ್ ಹಿಡಿದು ನೋಡಿ, 50 ಡಿಗ್ರಿ ದಾಟದಿರಲಿ. ಆಮೇಲೆ ಚಿಟಿಕೆ ಹಿಂಡಿಯನ್ನು ಬಿಳಿ ಕಾಗದದ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿ. ಜಿಡ್ಡಿನ ಕಲೆ ಅಗಲವಾಗಿ ಹರಡಿದರೆ ಇನ್ನೂ ಎಣ್ಣೆ ಉಳಿದಿದೆ. ಆಗ ಹಿಂಡಿ ಬರುವ ಕಿಂಡಿಯನ್ನು ಒಂದು ಅಳತೆ ಕಿರಿದು ಮಾಡಿ. ಹದವನ್ನೂ ಕಿಂಡಿಯನ್ನೂ ಒಟ್ಟಿಗೆ ಬದಲಾಯಿಸಬೇಡಿ, ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ. ಹಾಕಿದ ಬೀಜ, ಬಂದ ಎಣ್ಣೆ, ಹಿಂಡಿ, ಮೂರರ ತೂಕವನ್ನೂ ಪ್ರತಿ ಸಲ ಬರೆದಿಡಿ.

ಎಣ್ಣೆಯನ್ನು ಕರಗಿಸಿ ತೆಗೆಯುವ ಹೆಕ್ಸೇನ್ ಎಂಬ ದ್ರಾವಕ ಬಳಸಿದರೆ ಹಿಂಡಿಯಲ್ಲಿ ಉಳಿದದ್ದೂ ಬರುತ್ತದೆ, ನಿಜ. ಆದರೆ ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ. ಮನೆಯಲ್ಲಿ ಖಂಡಿತ ಬೇಡ. ಒತ್ತಡದಲ್ಲಿಟ್ಟ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಎಣ್ಣೆ ಕರಗಿಸಿ ತೆಗೆಯುವ ವಿಧಾನ ಸ್ವಚ್ಛವಾದದ್ದು, ಆದರೆ ಅದಕ್ಕೆ 31 ಡಿಗ್ರಿಗಿಂತ ಹೆಚ್ಚು ಬಿಸಿ, 74 ಬಾರ್‌ಗಿಂತ ಹೆಚ್ಚು ಒತ್ತಡ ಬೇಕು. ಅದು ಕಾರ್ಖಾನೆಯ ಕೆಲಸ.

ಸೀ ಬಕ್‌ಥಾರ್ನ್ ಎಂಬ ಕಿತ್ತಳೆ ಬಣ್ಣದ ಬೆರ್ರಿ ಆದರೆ ತಿರುಳಲ್ಲೂ ಎಣ್ಣೆಯಿದೆ. ಅದರ ರಸವನ್ನು ತಂಪಿನಲ್ಲಿ ಕದಲಿಸದೆ ಇಟ್ಟರೆ ಮೇಲೆ ಕಿತ್ತಳೆ ಬಣ್ಣದ ಕೆನೆ ಕಟ್ಟುತ್ತದೆ. ಅದನ್ನು ಚೆಲ್ಲಬೇಡಿ, ಎಣ್ಣೆ ಇರುವುದು ಅದರಲ್ಲೇ.

ಹೊಸ ಎಣ್ಣೆಯನ್ನು ಮುಚ್ಚಿದ ಪಾತ್ರೆಯಲ್ಲಿ ತಣ್ಣಗೆ ಮೂರು ದಿನ ಬಿಡಿ. ಮಡ್ಡಿ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ, ಬಟ್ಟೆಯಲ್ಲಿ ಸೋಸಿ. ಪೂರ್ತಿ ಒಣಗಿದ ಕಪ್ಪು ಗಾಜಿನ ಸಣ್ಣ ಬಾಟಲಿಗಳಿಗೆ ಕುತ್ತಿಗೆವರೆಗೆ ತುಂಬಿ ಫ್ರಿಜ್‌ನಲ್ಲಿಡಿ. ದೊಡ್ಡ ಬಾಟಲಿಯನ್ನು ಮತ್ತೆ ಮತ್ತೆ ತೆರೆದು ನನ್ನ ಎರಡನೇ ಸಲದ ಎಣ್ಣೆಯೆಲ್ಲ ಕಮಟಾಗಿ ಹೋಯಿತು.