ಗೋಡೆಗೆ ಬಂದು ನಿಲ್ಲುವ ಎಂಬತ್ತು ಅಡಿ ರಸ್ತೆ: ಸರ್ಜಾಪುರದ ಕಡೆ ಒಂದು ಲಿಂಕ್ ರೋಡ್ ಪ್ಲಾನ್ ಮಾಡಿದ ನನ್ನ ಅನುಭವ

ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ ಮನೆ ಮಾಡಿದವರೆಲ್ಲ ಇದನ್ನು ನೋಡಿರುತ್ತಾರೆ. ದೊಡ್ಡ ಅಪಾರ್ಟ್‌ಮೆಂಟ್ ಮುಂದೆ ಎಂಬತ್ತು ಅಡಿ ಅಗಲದ ರಸ್ತೆ. ಡಿವೈಡರ್ ಇದೆ, ಬೀದಿ ದೀಪ ಇದೆ, ಒಂದೆರಡು ಗುಲ್ಮೊಹರ್ ಗಿಡವೂ ಇದೆ. ಇನ್ನೂರು ಮೀಟರ್ ಹೋದರೆ ರಸ್ತೆ ಮುಗಿಯುತ್ತದೆ. ಎದುರಿಗೆ ಕಾಂಪೌಂಡ್ ಗೋಡೆ, ಇಲ್ಲವೇ ರಾಗಿ ಹೊಲ, ಇಲ್ಲವೇ ನೀಲಗಿರಿ ತೋಪು. ಅದರಾಚೆ ಅಷ್ಟೇ ಅಗಲದ ಇನ್ನೊಂದು ತುಂಡು, ಇನ್ನೊಬ್ಬ ಬಿಲ್ಡರ್‌ನ ಗೇಟಿನ ಮುಂದೆ.

ಇದು ಬಿಲ್ಡರ್ ಶೋಕಿಗೆ ಮಾಡಿಸಿದ್ದಲ್ಲ. ಸಿಡಿಪಿ, ಅಂದರೆ ನಗರದ ಸಮಗ್ರ ಅಭಿವೃದ್ಧಿ ಯೋಜನೆಯ ನಕ್ಷೆಯಲ್ಲಿ ಆ ಜಾಗದಲ್ಲಿ ರಸ್ತೆಯ ಗೆರೆ ಇದ್ದರೆ, ಪ್ಲಾನ್ ಮಂಜೂರಾಗುವಾಗ ಅಷ್ಟು ಜಾಗವನ್ನು ಬಿಲ್ಡರ್ ಪುಕ್ಕಟೆ ಬಿಟ್ಟುಕೊಡಬೇಕಿತ್ತು. ರಿಲಿಂಕ್ವಿಷ್‌ಮೆಂಟ್ ಡೀಡ್ ಅಂತಾರೆ. ಹೀಗಾಗಿ ಯಾವ ಜಮೀನಿನಲ್ಲಿ ಅಪಾರ್ಟ್‌ಮೆಂಟ್ ಬಂತೋ ಅಲ್ಲಿ ರಸ್ತೆ ಬಂತು. ಮಾರದೇ ಉಳಿದ ಜಮೀನಿನಲ್ಲಿ ಗೆರೆ ಗೆರೆಯಾಗಿಯೇ ಉಳಿಯಿತು.

ನಾನು ಟ್ರಾಫಿಕ್ ಎಂಜಿನಿಯರ್. ಸರ್ಜಾಪುರ ರಸ್ತೆಗೂ ವರ್ತೂರು–ಗುಂಜೂರು ಕಡೆಗೂ ನಡುವೆ ಇರುವ ಇಂಥದೊಂದು ಗೆರೆಯನ್ನು ನಿಜವಾದ ರಸ್ತೆ ಮಾಡುವುದು ಹೇಗೆ ಅಂತ ವರದಿ ಮಾಡಿಕೊಡುವ ಕೆಲಸ ನಮ್ಮ ತಂಡಕ್ಕೆ ಬಂತು. ಉದ್ದ ಸುಮಾರು ಮೂರು ಮುಕ್ಕಾಲು ಕಿಲೋಮೀಟರ್. ಕೊಟ್ಟ ಕಾಗದದಲ್ಲಿ ಎರಡು ಉದ್ದೇಶ ಇದ್ದವು: ಈಗಿರುವ ದಟ್ಟಣೆ ಕಡಿಮೆ ಮಾಡುವುದು, ಮುಂದೆ ಬರುವ ಮನೆಗಳಿಗೆ ದಾರಿ ಮಾಡಿಕೊಡುವುದು. ಓದಲು ಒಂದೇ ಥರ ಕಾಣುತ್ತವೆ. ಆದರೆ ಎರಡಕ್ಕೂ ಒಂದಕ್ಕೊಂದು ಆಗಿಬರುವುದಿಲ್ಲ.

ಯಾಕೆ ಅಂದರೆ, ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 106 ಅನ್ನುವ ಮಾರ್ಗಸೂಚಿಯ ಒಂದು ಕೋಷ್ಟಕ ನೋಡಿ. ಎರಡು ಲೇನ್‌ನ ಒಂದೇ ರಸ್ತೆಗೆ ಅದರಲ್ಲಿ ಮೂರು ಸಾಮರ್ಥ್ಯ ಕೊಟ್ಟಿದ್ದಾರೆ. ಪಕ್ಕದ ಜಾಗಗಳಿಂದ ನೇರವಾಗಿ ಯಾರೂ ರಸ್ತೆಗೆ ಇಳಿಯದಿದ್ದರೆ, ಪಾರ್ಕಿಂಗ್ ಇಲ್ಲದಿದ್ದರೆ ಗಂಟೆಗೆ 1500 ಪಿಸಿಯು (ಎಲ್ಲ ಗಾಡಿಗಳನ್ನೂ ಕಾರಿನ ಲೆಕ್ಕಕ್ಕೆ ತಂದ ಅಳತೆ). ಗೇಟುಗಳಿವೆ ಆದರೆ ಗಾಡಿ ನಿಲ್ಲಿಸುವ ಹಾಗಿಲ್ಲ ಅಂದರೆ 1200. ಅಂಗಡಿ, ಮನೆ ಎಲ್ಲ ರಸ್ತೆಗೇ ಬಾಗಿಲು ತೆರೆದು, ಗಾಡಿಯೂ ನಿಂತರೆ 900. ಡಾಂಬರು ಅಷ್ಟೇ, ಅಗಲ ಅಷ್ಟೇ. ಬಾಗಿಲುಗಳಿಂದಲೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯಿತು. ಮನೆಗಳಿಗಾಗಿ ರಸ್ತೆ ಅಂದ ಮೇಲೆ ಬಾಗಿಲು ಬಂದೇ ಬರುತ್ತದೆ, ಅಲ್ವಾ? ಹಾಗಾಗಿ ಎಷ್ಟು ಲೇನ್ ಅನ್ನುವುದಕ್ಕಿಂತ ಎಷ್ಟು ಬಾಗಿಲು ಅನ್ನುವುದರ ಮೇಲೆ ನಾನು ಹೆಚ್ಚು ಹೊತ್ತು ಕೂತೆ. ಔಟರ್ ರಿಂಗ್ ರೋಡ್ ಕಣ್ಣೆದುರಿಗೇ ಇತ್ತು. ಲಾರಿಗಳು ಊರ ಹೊರಗಿನಿಂದಲೇ ದಾಟಿ ಹೋಗಲಿ ಅಂತ ಮಾಡಿದ ಸುಮಾರು 60 ಕಿಲೋಮೀಟರ್ ರಸ್ತೆ ಅದು. ಟೆಕ್ ಪಾರ್ಕ್‌ಗಳೆಲ್ಲ ಅದಕ್ಕೇ ಮುಖ ಮಾಡಿ ಕೂತವು. ಈಗ ಅದು ಊರೊಳಗಿನ ರಸ್ತೆ.

ಮೊದಲ ಕೆಲಸ ವಾಹನ ಎಣಿಕೆ. ಜಂಕ್ಷನ್‌ಗಳಲ್ಲಿ ಕ್ಯಾಮೆರಾ ಕಟ್ಟಿ, ಆಮೇಲೆ ವಿಡಿಯೋ ನೋಡಿ ಬೈಕ್, ಆಟೊ, ಕಾರು, ಬಸ್ಸು, ಟ್ಯಾಂಕರ್ ಬೇರೆ ಬೇರೆ ಎಣಿಸುವುದು. ಆ ಕಡೆ ನೀರಿನ ಟ್ಯಾಂಕರ್ ಮತ್ತು ಸ್ಕೂಲ್ ಬಸ್ಸನ್ನು ಬೇರೆ ಕಾಲಂನಲ್ಲಿ ಹಾಕಲೇಬೇಕು. ಶಾಲೆಗೆ ರಜೆ ಇರುವಾಗ ಎಣಿಸಿ ತಂದ ಅಂಕಿಯನ್ನು ನಾನು ಮುಟ್ಟುವುದಿಲ್ಲ. ಬೆಳಗ್ಗೆ ಎಂಟರ ಆಸುಪಾಸು ಆಫೀಸು ಮತ್ತು ಶಾಲೆ ಒಟ್ಟಿಗೇ ರಸ್ತೆಗಿಳಿಯುತ್ತವೆ.

ಎಣಿಕೆಯಿಂದ ಎಷ್ಟು ಗಾಡಿ ಅಂತ ಗೊತ್ತಾಗುತ್ತದೆ, ಎಲ್ಲಿಗೆ ಹೋಗುತ್ತವೆ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಪೊಲೀಸರ ಸಹಾಯದಿಂದ ಗಾಡಿ ನಿಲ್ಲಿಸಿ ಕೇಳಬೇಕು. "ಎಲ್ಲಿಂದ ಬಂದ್ರಿ, ಎಲ್ಲಿಗೆ ಹೊರಟ್ರಿ?" ಅರ್ಧ ಜನ ಬೈಯುತ್ತಾರೆ. ಹೇಳಿದವರ ಉತ್ತರ ನಕ್ಷೆಯ ಮೇಲೆ ಹಾಕಿದಾಗ ಒಂದು ವಿಷಯ ಎದ್ದು ಕಂಡಿತು. ದೂರದಿಂದ ಬಂದು ದಾಟಿ ಹೋಗುವವರಿಗಿಂತ ಅಲ್ಲಲ್ಲೇ ಓಡಾಡುವವರು ಜಾಸ್ತಿ. ಹಕ್ಕಿ ಹಾರುವ ಲೆಕ್ಕದಲ್ಲಿ ಒಂದು ಕಿಲೋಮೀಟರ್ ಆಚೆ ಇರುವ ಶಾಲೆಗೆ ಮಗುವನ್ನು ಬಿಡಲು ಮುಖ್ಯ ರಸ್ತೆಗೆ ಬಂದು, ಯು-ಟರ್ನ್ ಹೊಡೆದು, ಸಿಗ್ನಲ್ ಕಾದು, ಮತ್ತೆ ಒಳಗೆ ನುಗ್ಗುವವರು. ಒಂದೊಂದು ಲೇಔಟಿಗೂ ಸುತ್ತ ಗೋಡೆ, ಒಂದೇ ಗೇಟು, ಆ ಗೇಟು ಹಳೇ ಬಂಡಿ ದಾರಿಗೆ. ಜಾಮ್ ಆಗದೆ ಇನ್ನೇನಾಗುತ್ತದೆ?

ಆ ಗೋಡೆಗಳಲ್ಲಿ ಒಂದರ ಹತ್ತಿರ ಒಂದು ಕಂಡಿ ಇತ್ತು. ಯಾರೋ ಐದಾರು ಸಿಮೆಂಟ್ ಇಟ್ಟಿಗೆ ಕಿತ್ತು ಬೈಕ್ ತೂರುವಷ್ಟು ಮಾಡಿದ್ದರು. ಕೆಳಗೆ ಒಂದು ಕಲ್ಲು ಚಪ್ಪಡಿ ಇಟ್ಟು ಇಳಿಜಾರು ಬೇರೆ. ಎರಡೂ ಬದಿಯ ಇಟ್ಟಿಗೆ ಹ್ಯಾಂಡಲ್ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಡೆಲಿವರಿ ಹುಡುಗರು, ಮನೆಕೆಲಸದ ಹೆಂಗಸರು, ಶಾಲೆ ಮಕ್ಕಳು ಎಲ್ಲರೂ ಅಲ್ಲೇ. ಅಲ್ಲಿಯೂ ಒಬ್ಬನನ್ನು ಕೂರಿಸಿ ಎಣಿಸಿದೆವು. ವರದಿಯಲ್ಲಿ ಆ ಕಂಡಿಯ ಫೋಟೋ ಹಾಕಿದ್ದಕ್ಕೆ ಒಬ್ಬ ಹಿರಿಯ ಅಧಿಕಾರಿ ನಕ್ಕರು. ಆದರೆ ಸಿಮ್ಯುಲೇಶನ್ ವಿಡಿಯೋಗಿಂತ ಆ ಫೋಟೋ ಮೇಲೆಯೇ ಮೀಟಿಂಗ್‌ನಲ್ಲಿ ಜಾಸ್ತಿ ಚರ್ಚೆ ಆಯಿತು. (ಸಿಮ್ಯುಲೇಶನ್ ವಿಡಿಯೋ ಬೇಕೇ ಬೇಕು ಅಂತಾರೆ. ಬಣ್ಣಬಣ್ಣದ ಕಾರುಗಳು ಸಾಲಾಗಿ ಹೋಗುವುದನ್ನು ನೋಡಲು ಎಲ್ಲರಿಗೂ ಖುಷಿ. ಅದರಲ್ಲಿ ಹಸು ಅಡ್ಡ ಬರುವುದಿಲ್ಲ.)

ಮುಂದೆ ಎಷ್ಟು ಮನೆ ಬರುತ್ತವೆ ಅನ್ನುವುದಕ್ಕೆ ಜನಗಣತಿ ನಂಬಿ ಕೂರುವ ಹಾಗಿಲ್ಲ. 2011ರ ನಂತರದ ಗಣತಿಯ ಅಂಕಿ ನಮ್ಮ ಕೈಯಲ್ಲಿ ಇರಲಿಲ್ಲ. ನಾವು ಮಾಡಿದ್ದು ಸರಳ. ಕಟ್ಟಡ ಪ್ರಾಜೆಕ್ಟುಗಳು ನೋಂದಣಿಯಾಗುವ ಕರ್ನಾಟಕ ರೇರಾ ಪ್ರಾಧಿಕಾರದ ತಾಣದಲ್ಲಿ ಪ್ರತಿ ಪ್ರಾಜೆಕ್ಟಿನ ಸರ್ವೆ ನಂಬರು, ಫ್ಲ್ಯಾಟುಗಳ ಸಂಖ್ಯೆ, ಮುಗಿಯುವ ದಿನಾಂಕ ಎಲ್ಲ ಇರುತ್ತದೆ. ಒಂದೊಂದಾಗಿ ತೆಗೆದು ನಕ್ಷೆಯ ಮೇಲೆ ಕೂರಿಸಿದೆವು. ಈಗಾಗಲೇ ತುಂಬಿದ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಬೆಳಗ್ಗೆ ಎಷ್ಟು ಗಾಡಿ ಹೊರಗೆ ಬರುತ್ತವೆ ಅಂತ ಎಣಿಸಿ, ಅದೇ ಪ್ರಮಾಣವನ್ನು ಹೊಸದಕ್ಕೂ ಹಿಡಿದೆವು. ರೇರಾ ವ್ಯಾಪ್ತಿಗೆ ಬಾರದ ಸಣ್ಣ ಕಟ್ಟಡ, ರೆವಿನ್ಯೂ ಸೈಟು, ಪಿಜಿಗಳ ಲೆಕ್ಕ ಮಾತ್ರ ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಬೀದಿ ಬೀದಿ ಸುತ್ತಿ ವಿದ್ಯುತ್ ಮೀಟರುಗಳ ಸಾಲು ನೋಡಬೇಕು. ಒಂದೇ ಕಟ್ಟಡದ ಕೆಳಗೆ ಹನ್ನೆರಡು ಮೀಟರ್ ಇದ್ದರೆ ಅದು ಒಂದು ಮನೆ ಅಲ್ಲ.

ಇಷ್ಟೂ ಕಂಪ್ಯೂಟರ್ ಮುಂದಿನ ಕೆಲಸ. ನಿಜವಾದ ಯೋಜನೆ ಶುರುವಾಗುವುದು ಸರ್ವೆ ದಾಖಲೆಗಳ ಜೊತೆ.

ಸಿಡಿಪಿ ನಕ್ಷೆಯ ಗೆರೆಯನ್ನು ಗ್ರಾಮ ನಕ್ಷೆಯ ಮೇಲೆ ಇಟ್ಟರೆ ಎರಡೂ ಕೂಡುವುದಿಲ್ಲ. ಸಿಡಿಪಿ ಗೆರೆ ದಪ್ಪವೇ ಕೆಲವು ಕಡೆ ನಾಲ್ಕಾರು ಮೀಟರ್ ಆಗುತ್ತದೆ, ಅಷ್ಟರಲ್ಲಿ ಒಬ್ಬರ ಮನೆ ಹೋಗಬಹುದು, ಉಳಿಯಬಹುದು. ಸರ್ಕಾರದ ದಿಶಾಂಕ್ ಆ್ಯಪ್ ಮೊದಲ ಅಂದಾಜಿಗೆ ಚೆನ್ನಾಗಿದೆ, ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ. ಆದರೆ ಗಡಿ ಕಲ್ಲು ಎಲ್ಲಿ ಅನ್ನುವುದಕ್ಕೆ ಟಿಪ್ಪಣಿ, ಆಕಾರ್‌ಬಂದ್, ಪೋಡಿ ನಕ್ಷೆ ಅನ್ನುವ ಸರ್ವೆ ದಾಖಲೆಗಳನ್ನು ತೆಗೆಸಿ, ಸರ್ವೆಯರ್ ಜೊತೆ ಹೊಲದಲ್ಲಿ ನಡೆಯಲೇಬೇಕು. ಹೀಗೆ ನಡೆಯುವಾಗ ಸಿಕ್ಕಿದ್ದೇ ನಮಗೆ ದೊಡ್ಡ ಲಾಭ. ಗ್ರಾಮ ನಕ್ಷೆಯಲ್ಲಿ ಜೋಡಿ ಚುಕ್ಕಿ ಗೆರೆಯಲ್ಲಿ ಒಂದು ಬಂಡಿ ದಾರಿ ಇತ್ತು. ಬಿ-ಖರಾಬು, ಅಂದರೆ ಸಾರ್ವಜನಿಕರ ಜಾಗ, ಯಾರಿಗೂ ಪರಿಹಾರ ಕೊಡಬೇಕಿಲ್ಲ. ಸ್ಥಳದಲ್ಲಿ ಮಾತ್ರ ದಾರಿಯೇ ಇಲ್ಲ. ಅರ್ಧ ಒಂದು ವಿಲ್ಲಾ ಲೇಔಟಿನ ಕ್ಲಬ್‌ಹೌಸ್ ಹಿಂದೆ ಸೇರಿತ್ತು, ಇನ್ನರ್ಧದಲ್ಲಿ ರೈತರೊಬ್ಬರು ರೇಷ್ಮೆಗೆ ಹಿಪ್ಪುನೇರಳೆ ಹಾಕಿದ್ದರು. ಆ ಹಿರಿಯರು, "ನಮ್ಮಪ್ಪನ ಕಾಲದಲ್ಲಿ ಇಲ್ಲೇ ಗಾಡಿ ಹೊಡೆದುಕೊಂಡು ಸಂತೆಗೆ ಹೋಗ್ತಿದ್ವಿ, ಬಿಡ್ತೀನಿ, ಆದ್ರೆ ಮೊದಲು ಆ ಕಡೆಯವರು ಬಿಡ್ಲಿ" ಅಂದರು. ನ್ಯಾಯವಾದ ಮಾತು.

ಸಿಡಿಪಿ ಗೆರೆಯನ್ನೇ ಹಿಡಿದು ಹೋದರೆ ಒಂದು ಹಳ್ಳಿಯ ಅಂಚಿನಲ್ಲಿ ಮೂವತ್ತು–ನಲವತ್ತು ಮನೆಗಳ ಒಂದು ಸಾಲೇ ಹೋಗುತ್ತಿತ್ತು. ರಸ್ತೆಯ ವಿನ್ಯಾಸ ವೇಗ 60 ಕಿಲೋಮೀಟರ್ ಅಂತ ಹಿಡಿದಿದ್ದರು. ಆ ವೇಗಕ್ಕೆ ತಿರುವಿನ ತ್ರಿಜ್ಯ ಸುಮಾರು 150 ಮೀಟರ್ ಬೇಕು. ಹಳ್ಳಿ ಪಕ್ಕದಲ್ಲಿ, ಶಾಲೆ ಮುಂದೆ ಯಾರು 60ರಲ್ಲಿ ಹೋಗಬೇಕು ಅಂತ ಕೇಳಿದೆ. ಅಷ್ಟು ಭಾಗಕ್ಕೆ 40 ಅಂತ ಇಳಿಸಿದರೆ ತ್ರಿಜ್ಯ ಸುಮಾರು 65 ಮೀಟರಿಗೆ ಬರುತ್ತದೆ. ರಸ್ತೆ ಮನೆಗಳನ್ನು ಬಳಸಿಕೊಂಡು ಖಾಲಿ ಜಾಗದ ಮೇಲೆ ಹೋಯಿತು. ಗೆರೆ ಸರಿಸಿದ್ದಕ್ಕೆ ಆಕ್ಷೇಪಣೆ ಕರೆಯಬೇಕು, ಸರ್ಕಾರದ ಒಪ್ಪಿಗೆ ಬೇಕು, ತಿಂಗಳುಗಟ್ಟಲೆ ಕಾಯಬೇಕು. ಆದರೂ ನಲವತ್ತು ಕುಟುಂಬದ ಜೊತೆ ಕೋರ್ಟಿನಲ್ಲಿ ನಿಲ್ಲುವುದಕ್ಕಿಂತ ಅದೇ ಬೇಗ.

ಉಳಿದ ತುಂಡುಗಳ ಮಾಲೀಕರಿಗೆ ಏನು ಕೊಡುವುದು? ಒಂದು ದಾರಿ 2013ರ ಭೂಸ್ವಾಧೀನ ಕಾಯ್ದೆ. ಮಾರುಕಟ್ಟೆ ಬೆಲೆಯ ಮೇಲೆ ಅಷ್ಟೇ ಮೊತ್ತ ಸಾಂತ್ವನ ಧನ, ಅಂದರೆ ನೂರಕ್ಕೆ ನೂರು. ಇನ್ನೊಂದು ಟಿಡಿಆರ್, ದುಡ್ಡಿನ ಬದಲು ಬೇರೆ ಕಡೆ ಜಾಸ್ತಿ ಕಟ್ಟುವ ಹಕ್ಕು. ಆಡಳಿತಕ್ಕೆ ಟಿಡಿಆರ್ ಇಷ್ಟ, ಖಜಾನೆಯಿಂದ ಏನೂ ಹೋಗುವುದಿಲ್ಲ. ಆರು ಗುಂಟೆ ಇರುವ ರೈತನಿಗೆ ಆ ಸರ್ಟಿಫಿಕೇಟ್ ಇಟ್ಟುಕೊಂಡು ಏನು ಮಾಡಬೇಕು? ಮಧ್ಯವರ್ತಿಗೆ ಅಗ್ಗಕ್ಕೆ ಮಾರಬೇಕು. ಹಾಗಾಗಿ ದೊಡ್ಡ ಮಾಲೀಕರಿಗೆ ಟಿಡಿಆರ್, ಸಣ್ಣವರಿಗೆ ನಗದು ಅಂತ ವರದಿಯಲ್ಲಿ ಬರೆದೆವು. ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಊರ ಸುತ್ತ ಬರಬೇಕಿದ್ದ ಪೆರಿಫೆರಲ್ ರಿಂಗ್ ರೋಡ್ ಉದಾಹರಣೆ ಕೊಟ್ಟೆವು. 2005ರಲ್ಲಿ ಪ್ರಾಥಮಿಕ ಅಧಿಸೂಚನೆ, 2007ರಲ್ಲಿ ಅಂತಿಮ. ಆಮೇಲೆ ಹೆಸರು ಬದಲಾಯಿತು, ರಸ್ತೆ ಬರಲಿಲ್ಲ. ಅಷ್ಟೂ ವರ್ಷ ಆ ರೈತರು ಜಮೀನನ್ನು ಮಾರಲೂ ಆಗದೆ, ನೆಮ್ಮದಿಯಾಗಿ ಇಟ್ಟುಕೊಳ್ಳಲೂ ಆಗದೆ ಕೂತರು.

ನೀರಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಕೆಲಸ ಚಿಕ್ಕದಲ್ಲ. ರಸ್ತೆ ರಾಜಕಾಲುವೆಯನ್ನು ಎರಡು ಕಡೆ ದಾಟುತ್ತಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ವಿಲ್ಲಾಗಳ ಜನ ಟ್ರಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ದೇಶವೇ ನೋಡಿತು. ರಸ್ತೆಯನ್ನು ಎತ್ತರಿಸಿ ಕಟ್ಟಿದರೆ ಅದೇ ಅಣೆಕಟ್ಟು. ಪೈಪ್ ಹಾಕಿ ಮುಗಿಸುವ ಬದಲು ಕಾಲುವೆಯ ಪೂರ್ತಿ ಅಗಲಕ್ಕೆ ಬಾಕ್ಸ್ ಕಲ್ವರ್ಟ್ (ಕಾಂಕ್ರೀಟ್ ಪೆಟ್ಟಿಗೆಯಂಥ ಮೋರಿ) ಕೇಳಿದೆವು. ದುಬಾರಿ ಅಂತ ಒಂದು ಇಲಾಖೆ ಕಡತವನ್ನು ವಾಪಸ್ ಕಳಿಸಿತು. ಮತ್ತೆ ಕಳಿಸಿದೆವು. ಒಪ್ಪಿಗೆ ಬಂತು.

24 ಮೀಟರ್ ಅಗಲ ಹೇಗೆ ಹಂಚಿದೆವು ಅಂದರೆ, ನಡುವೆ ಒಂದು ಮೀಟರ್ ಡಿವೈಡರ್, ಎರಡೂ ಕಡೆ ಏಳೇಳು ಮೀಟರ್ ರಸ್ತೆ, ಪ್ರತಿ ಬದಿಯಲ್ಲೂ ಉಳಿದ ನಾಲ್ಕೂವರೆ ಮೀಟರ್‌ನಲ್ಲಿ ಎರಡೂವರೆ ಫುಟ್‌ಪಾತ್ ಮತ್ತು ಅದರಡಿ ಚರಂಡಿ, ಎರಡು ಮೀಟರ್ ಮರ ಹಾಗೂ ಬಸ್ ನಿಲ್ದಾಣಕ್ಕೆ. ಆರು ಲೇನ್ ಮಾಡಿ ಅಂತ ಒತ್ತಾಯ ಇತ್ತು. ಆರು ಲೇನ್ ಮಾಡಿದರೆ ನಡೆಯಲು ಜಾಗ ಉಳಿಯುತ್ತಿರಲಿಲ್ಲ, ಹೊರಗಿನ ಲೇನ್ ಹೇಗೂ ಪಾರ್ಕಿಂಗ್ ಆಗುತ್ತದೆ. ಕೇಬಲ್, ಗ್ಯಾಸ್, ನೀರಿನ ಪೈಪಿಗೆ ಫುಟ್‌ಪಾತ್ ಅಡಿ ಡಕ್ಟ್ ಮೊದಲೇ ಹಾಕಿಸಿ ಅಂತ ಪಟ್ಟು ಹಿಡಿದೆವು. ಆ ಕಡೆಯವೂ ಸೇರಿ ಬೆಂಗಳೂರಿನ ಅಂಚಿನ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ನೀರು 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತು. ಇನ್ನು ಸಂಪರ್ಕ ತೆಗೆದುಕೊಳ್ಳುವವರೆಲ್ಲ ರಸ್ತೆ ಅಗೆಯುವವರೇ.

ಬಾಗಿಲುಗಳ ಪ್ರಶ್ನೆಗೆ ಕೊನೆಗೆ ಸಿಕ್ಕ ಉತ್ತರ ಇದು. ಹೊಸ ಪ್ರಾಜೆಕ್ಟುಗಳ ಮುಖ್ಯ ಗೇಟು ಲಿಂಕ್ ರೋಡಿಗೆ ಬೇಡ, ಅಡ್ಡ ರಸ್ತೆಗೆ ಇರಲಿ. ಅಡ್ಡ ರಸ್ತೆಗಳು ಸುಮಾರು 250 ಮೀಟರಿಗೊಂದು ಇರಲಿ, ಮತ್ತು ಅವು ಗೋಡೆಗೆ ಹೋಗಿ ನಿಲ್ಲದೆ ಮುಂದಿನ ಲೇಔಟಿಗೆ ಕೂಡಲಿ. ಅಂದರೆ ಮಗುವನ್ನು ಶಾಲೆಗೆ ಬಿಡುವವರು ಲಿಂಕ್ ರೋಡಿಗೇ ಬರಬೇಕಿಲ್ಲ. ಬಿಲ್ಡರ್‌ಗಳು ಮುಖ ಸಿಂಡರಿಸಿದರು, ಮುಖ್ಯ ರಸ್ತೆಗೆ ಗೇಟಿದ್ದರೆ ಫ್ಲ್ಯಾಟಿನ ರೇಟೇ ಬೇರೆ. ಪ್ಲಾನ್ ಮಂಜೂರಾತಿಯ ಷರತ್ತಾಗಿ ಬರೆದರೆ ಮಾತ್ರ ಇದು ನಡೆಯುತ್ತದೆ, ಸಲಹೆಯಾಗಿ ಬರೆದರೆ ಸುಮ್ನೆ ಕಾಗದ.

ಸದ್ಯಕ್ಕೆ ಮೂರು ತುಂಡುಗಳು ಕೂಡಿವೆ, ಬಂಡಿ ದಾರಿಯ ಭಾಗವೂ ಸೇರಿ. ಕ್ಲಬ್‌ಹೌಸ್ ಹಿಂದಿನ ಒತ್ತುವರಿ ತೆರವಾದ ವಾರವೇ ಆ ಹಿರಿಯರು ತಮ್ಮ ಹಿಪ್ಪುನೇರಳೆ ಸಾಲು ಕಿತ್ತುಕೊಟ್ಟರು. ಸರ್ಜಾಪುರ ರಸ್ತೆ ಕಡೆಯ ತುದಿ ಇನ್ನೂ ಕೋರ್ಟಿನಲ್ಲಿದೆ. ಹೊಸ ತಕರಾರು ಬಂದಿರುವುದು ನಡುವಿನ ಒಂದು ಅಪಾರ್ಟ್‌ಮೆಂಟಿನಿಂದ. ರಸ್ತೆ ಬೇಕು ಅಂತ ಮೊದಲು ಸಹಿ ಸಂಗ್ರಹ ಮಾಡಿದ್ದೂ ಅವರೇ. ಈಗ ಹೊರಗಿನ ಗಾಡಿಗಳು ನಮ್ಮ ಮುಂದೆ ಹೋಗುತ್ತವೆ, ರಾತ್ರಿ ಗೇಟ್ ಹಾಕಲು ಅನುಮತಿ ಕೊಡಿ ಅಂತಿದ್ದಾರೆ. ಬಿಟ್ಟುಕೊಟ್ಟ ಜಾಗಕ್ಕೆ ಗೇಟ್ ಹಾಕಲು ಬರುವುದಿಲ್ಲ ಅಂತ ಉತ್ತರ ಹೋಗಿದೆ. ಅವರ ಮಕ್ಕಳ ಭಯ ನಿಜ, ಅದಕ್ಕೆ ಅವರ ಗೇಟಿನ ಎದುರು ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದ ಕ್ರಾಸಿಂಗ್ ಹಾಕುವ ಡ್ರಾಯಿಂಗ್ ಕಳಿಸಿದ್ದೇವೆ. ಅಂಥ ಎರಡು ಕ್ರಾಸಿಂಗ್ ಕೇಳಿದ್ದೇವೆ, ಒಂದಕ್ಕೆ ಹಣ ಮಂಜೂರಾಗಿದೆ.